ಆರ್ ಭಾಷೆಯ ‘ಇಫ್’ ಪದವೂ ಕನ್ನಡದ ‘-ರೆ’ ಪ್ರತ್ಯಯವೂ: ನಿಬಂಧನಾವಾಕ್ಯದ ಬೋಧನೆಯನ್ನು ಕುರಿತು ಒಂದು ವಿಮರ್ಶೆ

ಸಂಖ್ಯಾಶಾಸ್ತ್ರದ ಅಧ್ಯಾಪನದಲ್ಲಿ ಗಣಕಯಂತ್ರಕ್ಕೆ ಸ್ಥಾನ ದೊರೆತ ಮೇಲೆ ಅದರ ಜೊತೆಯಲ್ಲಿ ಒಂದು ಹೊಸ ವ್ಯಾಕರಣವೂ ತರಗತಿಯೊಳಕ್ಕೆ ಬಂದಿತು. ಸರಾಸರಿ, ವಿಚಲನೆ, ಸಹಸಂಬಂಧ ಮೊದಲಾದುವನ್ನು ಕಲಿಸುವ ಅಧ್ಯಾಪಕನು ಇಂದು ವಾಕ್ಯರಚನೆಯನ್ನೂ ಕಲಿಸಬೇಕಾಗಿದೆ. ಆದರೆ ಆ ಭಾಗವನ್ನು ಆತನು ಪಾಠವೆಂದೇ ಎಣಿಸದೆ, ದಾರಿಯಲ್ಲಿ ಅಡ್ಡಬಂದ ಸಣ್ಣ ಕಾಲುವೆಯನ್ನು ದಾಟುವಂತೆ ದಾಟಿಬಿಡುವುದು ರೂಢಿಯಾಗಿದೆ. ‘ಇಫ್’ ಎಂದರೆ ‘ಆದರೆ’, ‘ಎಲ್ಸ್’ ಎಂದರೆ ‘ಇಲ್ಲದಿದ್ದರೆ’ ಎಂದು ಹಲಗೆಯ ಮೇಲೆ ಬರೆದು, ಒಂದು ಉದಾಹರಣೆ ಕೊಟ್ಟು, ಹತ್ತು ನಿಮಿಷದಲ್ಲಿ ಮುಂದಿನ ವಿಷಯಕ್ಕೆ ಹೋಗುತ್ತೇವೆ. ಈ ಹತ್ತು ನಿಮಿಷದ ಪಾಠವು ಅಪೂರ್ಣ ಮಾತ್ರವಲ್ಲ, ಒಂದು ಮುಖ್ಯಾಂಶದಲ್ಲಿ ತಪ್ಪೂ ಆಗಿದೆಯೆಂಬುದು ಈ ಲೇಖನದ ವಾದ. ಇದನ್ನು ಹೇಳುವಾಗ ಈ ಲೇಖಕನು ತನ್ನನ್ನು ಹೊರಗಿಟ್ಟುಕೊಂಡಿಲ್ಲ. ಅನೇಕ ವರ್ಷ ಹೀಗೆಯೇ ಪಾಠ ಹೇಳಿದವರಲ್ಲಿ ಅವನೂ ಒಬ್ಬ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ‘ಆರ್’ ಎಂಬ ಏಕಾಕ್ಷರ ನಾಮದ ಭಾಷೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಹೋದ್ಯೋಗಿಗಳು ೧೯೭೬ರಿಂದ ಬೆಳೆಸಿದ ‘ಎಸ್’ ಭಾಷೆಯ ಜಾಡನ್ನು ಹಿಡಿದು, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು ಇದನ್ನು ರಚಿಸಿದರು. ೧೯೯೩ರಲ್ಲಿ ಇದು ಹೊರಗೆ ತಿಳಿಯಬಂದಿತು. ೧೯೯೫ರಲ್ಲಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಸಾಧನವಾಯಿತು. ೨೦೦೦ದ ಫೆಬ್ರವರಿ ೨೯ರಂದು ಇದರ ಮೊದಲ ಪೂರ್ಣ ಆವೃತ್ತಿ ಪ್ರಕಟವಾಯಿತು. ತಮ್ಮ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅನುಕೂಲಕ್ಕಾಗಿ ಇಬ್ಬರು ಅಧ್ಯಾಪಕರು ಹುಟ್ಟಿಸಿದ ಭಾಷೆ ಇದೆಂಬುದನ್ನು ನಾವು ನೆನಪಿನಲ್ಲಿಡಬೇಕು. ಇದರ ಗುಣದೋಷಗಳೆರಡೂ ಬಹುಮಟ್ಟಿಗೆ ತರಗತಿಯ ಗುಣದೋಷಗಳೇ.

ವಾದಕ್ಕೆ ಆಧಾರವಾಗಿ ಒಂದು ನಿಜವಾದ ಸಂದರ್ಭವನ್ನು ಮುಂದಿಡುತ್ತೇನೆ. ಯಲ್ಲಾಪುರ ತಾಲ್ಲೂಕಿನಲ್ಲಿ, ಅಂಕೋಲೆಗೆ ಇಳಿಯುವ ಅರಬೈಲು ಘಟ್ಟದ ನೆರೆಯಲ್ಲಿ, ಇಡಗುಂದಿ ಎಂಬ ಊರಿದೆ. ಸುತ್ತಲೂ ಅಡಕೆಯ ತೋಟಗಳು. ಆ ಕಡೆಯಿಂದ ಬಂದ ಒಬ್ಬ ವಿದ್ಯಾರ್ಥಿ ತನ್ನ ಮನೆಯವರು ಅಂಗಳದ ಮಾಪಕದಿಂದ ಅಳೆದು ದಿನದಿನವೂ ಬರೆದಿಟ್ಟ ಮಳೆಲೆಕ್ಕದ ಪುಸ್ತಕವನ್ನು ತಂದು, ಅದನ್ನೇ ತನ್ನ ಪ್ರಬಂಧಕ್ಕೆ ವಸ್ತುವಾಗಿಸಿಕೊಳ್ಳಬಹುದೇ ಎಂದು ಕೇಳಿದ. ಅವನ ಅಪೇಕ್ಷೆ ಸರಳವಾದುದು: ಪ್ರತಿದಿನದ ಮಳೆಯನ್ನು ಭಾರತೀಯ ಹವಾಮಾನ ಇಲಾಖೆಯ ವರ್ಗಗಳಿಗೆ ಅನುಸಾರವಾಗಿ ವಿಂಗಡಿಸಬೇಕು. ೨೪ ಗಂಟೆಗಳಲ್ಲಿ ೨.೫ ಮಿ.ಮೀ. ಮುಟ್ಟಿದರೆ ಮಳೆಯ ದಿನ, ೧೫.೫ರವರೆಗೆ ಲಘು, ೧೫.೬ರಿಂದ ೬೪.೪ರವರೆಗೆ ಸಾಧಾರಣ, ೬೪.೫ರಿಂದ ೧೧೫.೫ರವರೆಗೆ ಭಾರಿ, ೧೧೫.೬ರಿಂದ ೨೦೪.೪ರವರೆಗೆ ಅತಿ ಭಾರಿ, ೨೦೪.೫ ಮತ್ತು ಅದರ ಮೇಲೆ ಅತ್ಯಧಿಕ. ನಿಬಂಧನಾವಾಕ್ಯದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿಯನ್ನು ಯಾವ ಪಠ್ಯಪುಸ್ತಕವೂ ಒದಗಿಸಲಾರದು.

ಅವನು ಮೊದಲು ಬರೆದ ವಾಕ್ಯವನ್ನು ಕನ್ನಡದಲ್ಲಿ ಹೇಳುವುದಾದರೆ: “ಮಳೆ ೬೪.೫ ಅಥವಾ ಅದಕ್ಕಿಂತ ಹೆಚ್ಚಾದರೆ ‘ಭಾರಿ’ ಎಂದು ಬರೆ, ಇಲ್ಲದಿದ್ದರೆ ‘ಕಡಿಮೆ’ ಎಂದು ಬರೆ.” ಕನ್ನಡವಾಗಿ ಇದರಲ್ಲಿ ದೋಷವೇನೂ ಇಲ್ಲ. ಯಂತ್ರವು ಮಾತ್ರ ಇದನ್ನು ಒಪ್ಪದೆ, ಷರತ್ತಿನ ಉದ್ದ ಒಂದಕ್ಕಿಂತ ಹೆಚ್ಚಾಯಿತೆಂದು ತಕರಾರು ಹೇಳಿ ನಿಂತುಬಿಟ್ಟಿತು. ಹುಡುಗನಿಗೆ ಇದು ಅರ್ಥವಾಗಲಿಲ್ಲ. ನಾನು ಹಲಗೆಯ ಮೇಲೆ ಬರೆದುದನ್ನೇ ಅವನು ಅಕ್ಷರಶಃ ಪಾಲಿಸಿದ್ದ.

ಕಾರಣವನ್ನು ಯಂತ್ರದಲ್ಲಿ ಹುಡುಕುವುದಕ್ಕೆ ಮೊದಲು ನಮ್ಮ ಮಾತಿನಲ್ಲಿ ಹುಡುಕಬೇಕು. “ಮಳೆ ಬಂದರೆ ಹಳ್ಳ ತುಂಬುತ್ತದೆ” ಎಂಬ ವಾಕ್ಯವನ್ನೂ, “ಈಗ ಮಳೆ ಬಂದರೆ ಕೊನೆಗೌಡ ಮರ ಏರುವುದಿಲ್ಲ” ಎಂಬ ವಾಕ್ಯವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಮೊದಲನೆಯದು ಬಂದ ಎಲ್ಲ ಮಳೆಗೂ, ಬರಲಿರುವ ಎಲ್ಲ ಮಳೆಗೂ ಅನ್ವಯಿಸುವ ಸಾಮಾನ್ಯೋಕ್ತಿ. ಎರಡನೆಯದು ಈ ಹೊತ್ತಿನ, ಈ ಒಂದು ಮಳೆಯ ಮೇಲೆ ನಿಂತ ನಿರ್ಧಾರ. ಅದರಿಂದ ಒಬ್ಬ ಮನುಷ್ಯ ಒಂದೋ ಮರ ಏರುತ್ತಾನೆ, ಇಲ್ಲವೇ ಬುಡದಲ್ಲಿಯೇ ನಿಲ್ಲುತ್ತಾನೆ. ಹಳಗನ್ನಡದಲ್ಲಿ ‘-ಒಡೆ’ ಎಂದಿದ್ದು ನಮ್ಮ ಕಾಲಕ್ಕೆ ‘-ರೆ’ ಆಗಿರುವ ಪ್ರತ್ಯಯವು ಈ ಎರಡು ಕೆಲಸಗಳನ್ನೂ ಏಕಪ್ರಕಾರವಾಗಿ ಮಾಡುತ್ತದೆ. ಕೇಳುವವನು ಸಂದರ್ಭದಿಂದ ಭೇದವನ್ನು ತಿಳಿದುಕೊಳ್ಳುತ್ತಾನಾದ್ದರಿಂದ ಭಾಷೆಗೆ ಎರಡು ರೂಪಗಳು ಬೇಕಾಗಿಲ್ಲ. ಇಂಗ್ಲಿಷಿನ ‘ಇಫ್’ ಕೂಡ ಹಾಗೆಯೇ ಎರಡನ್ನೂ ಹೊರುತ್ತದೆ. ಆದ್ದರಿಂದ ಇಂಗ್ಲಿಷ್ ಬಲ್ಲವನು ಮುಗ್ಗರಿಸುವುದಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ.

ಆರ್ ಭಾಷೆಯು ಈ ಎರಡು ಕೆಲಸಗಳಿಗೆ ಎರಡು ಬೇರೆ ಪದಗಳನ್ನು ಇಟ್ಟುಕೊಂಡಿದೆ. ‘ಇಫ್’ ಎಂಬುದು ಕೊನೆಗೌಡನ ವಾಕ್ಯ: ಅದು ಒಂದೇ ಒಂದು ಸತ್ಯ ಅಥವಾ ಅಸತ್ಯವನ್ನು ನೋಡಿ, ಕ್ರಮವಿಧಿ ಯಾವ ದಾರಿಯಲ್ಲಿ ನಡೆಯಬೇಕೆಂಬುದನ್ನು ತೀರ್ಮಾನಿಸುತ್ತದೆ. ‘ಇಫ್‌ಎಲ್ಸ್’ ಎಂದು ಕೂಡಿಸಿ ಬರೆಯುವ ಇನ್ನೊಂದು ಪದವು ಹಳ್ಳದ ವಾಕ್ಯ: ಅದಕ್ಕೆ ಅಂಕಿಗಳ ಒಂದು ಸಾಲನ್ನೇ ಕೊಟ್ಟರೆ, ಒಂದೊಂದಕ್ಕೂ ಷರತ್ತನ್ನು ಅನ್ವಯಿಸಿ, ಅಷ್ಟೇ ಉದ್ದದ ಉತ್ತರಗಳ ಸಾಲನ್ನು ಹಿಂದಿರುಗಿಸುತ್ತದೆ. ಮೊದಲನೆಯದು ನಿರ್ಧಾರ, ಎರಡನೆಯದು ವರ್ಗೀಕರಣ. ಹೆಸರುಗಳ ಸಾದೃಶ್ಯದಿಂದ ಒಂದು ಇನ್ನೊಂದರ ಸಂಕ್ಷೇಪವೆಂದು ತೋರುವುದರಿಂದ, ಭಾಷಾಕರ್ತರು ಈ ನಾಮಕರಣದಲ್ಲಿ ಅಷ್ಟಾಗಿ ಎಚ್ಚರ ವಹಿಸಲಿಲ್ಲವೆಂದೇ ಹೇಳಬೇಕು. ನಾವು ‘ಇಫ್ ಎಂದರೆ ಆದರೆ’ ಎಂದು ಭಾಷಾಂತರಿಸಿದಾಗ, ಆ ಭಾಷೆಯಲ್ಲಿ ಪ್ರತ್ಯೇಕವಾಗಿರುವುದನ್ನು ನಮ್ಮ ಪ್ರತ್ಯಯದಲ್ಲಿ ಮತ್ತೆ ಒಂದುಗೂಡಿಸಿಬಿಡುತ್ತೇವೆ. ಹಲಗೆಯ ಮೇಲಿನ ಆ ಸಮೀಕರಣದ ದೋಷ ಇದೇ.

ಯಂತ್ರವು ತಕರಾರು ಹೇಳಿ ನಿಂತದ್ದು ವಾಸ್ತವವಾಗಿ ಉಪಕಾರ. ೨೦೨೨ರ ಏಪ್ರಿಲಿನಲ್ಲಿ ಬಂದ ೪.೨.೦ ಆವೃತ್ತಿಗೆ ಮುಂಚೆ ಅದು ಹೀಗೆ ನಿಲ್ಲುತ್ತಿರಲಿಲ್ಲ. ಒಂದು ಎಚ್ಚರಿಕೆಯ ಸಾಲನ್ನು ಮುದ್ರಿಸಿ, ಸಾಲಿನ ಮೊದಲನೆಯ ಅಂಕಿಯನ್ನು ಮಾತ್ರ ನೋಡಿ ತೀರ್ಪು ಕೊಟ್ಟು ಮುಂದೆ ಹೋಗುತ್ತಿತ್ತು. ಎಂದರೆ ಜೂನ್ ೧ರಂದು ಮಳೆ ಕಡಿಮೆಯಾಗಿದ್ದರೆ ಇಡೀ ಮಳೆಗಾಲವೇ ‘ಕಡಿಮೆ’ ಎಂಬ ಹಣೆಪಟ್ಟಿಯನ್ನು ಹೊರುತ್ತಿತ್ತು. ಎಚ್ಚರಿಕೆಯ ಸಾಲನ್ನು ಓದುವ ವಿದ್ಯಾರ್ಥಿಗಳು ಎಷ್ಟು ಮಂದಿಯೆಂಬುದು ಅಧ್ಯಾಪಕರಾದವರಿಗೆ ಗೊತ್ತು. ತಪ್ಪು ಉತ್ತರಕ್ಕಿಂತ ಉತ್ತರವಿಲ್ಲದಿರುವುದು ಲೇಸೆಂಬ ವಿವೇಕವು ಈ ಭಾಷೆಗೆ ಬರಲು ಅದರ ಪ್ರಥಮ ಪ್ರಕಟಣೆಯಿಂದ ಸುಮಾರು ೩೦ ವರ್ಷಗಳು ಬೇಕಾದುವು.

ಇನ್ನು ವರ್ಗಗಳ ಕ್ರಮದ ವಿಚಾರ. ನಮ್ಮ ವಿದ್ಯಾರ್ಥಿ ‘ಇಫ್‌ಎಲ್ಸ್’ ಪದವನ್ನು ಅರಿತ ಮೇಲೆ ವರ್ಗಗಳನ್ನು ಒಂದರೊಳಗೊಂದು ಹೆಣೆದು ಬರೆದ: ೨.೫ ಅಥವಾ ಹೆಚ್ಚಾದರೆ ಲಘು, ಇಲ್ಲದಿದ್ದರೆ, ೧೫.೬ ಅಥವಾ ಹೆಚ್ಚಾದರೆ ಸಾಧಾರಣ, ಇಲ್ಲದಿದ್ದರೆ... ಹೀಗೆ ಮೇಲಕ್ಕೆ. ಫಲಿತಾಂಶದಲ್ಲಿ ಮಳೆ ಬಂದ ದಿನಗಳೆಲ್ಲವೂ ಲಘುವಾಗಿಯೇ ಉಳಿದುವು! ೧೨೦ ಮಿ.ಮೀ. ಮಳೆಯೂ ೨.೫ಕ್ಕಿಂತ ಹೆಚ್ಚೇ ಆದ್ದರಿಂದ ಮೊದಲನೆಯ ಬಾಗಿಲಿನಲ್ಲಿಯೇ ಒಳಕ್ಕೆ ಹೋಗಿಬಿಟ್ಟಿತು. ಮುಂದಿನ ಬಾಗಿಲುಗಳನ್ನು ಅದು ನೋಡಲೇ ಇಲ್ಲ. ಸಂಸ್ಕೃತ ವ್ಯಾಕರಣದ ಪರಿಚಯವುಳ್ಳವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಪಾಣಿನಿಯ ವ್ಯವಸ್ಥೆಯಲ್ಲಿ ಸಮಬಲದ ಎರಡು ಸೂತ್ರಗಳು ಒಂದೆಡೆ ವಿರೋಧಿಸಿದಾಗ ಪಾಠಕ್ರಮದಲ್ಲಿ ಮುಂದೆ ಬರುವುದಕ್ಕೆ ಅಧಿಕಾರ. ಉತ್ಸರ್ಗವನ್ನು ಅಪವಾದವು ತಳ್ಳಿಹಾಕುವುದಂತೂ ಕ್ರಮವನ್ನೇ ಅಪೇಕ್ಷಿಸುವುದಿಲ್ಲ. ಗಣಕದ ಹೆಣಿಗೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮೊದಲು ಬಂದುದಕ್ಕೇ ಅಧಿಕಾರ, ಅಪವಾದಕ್ಕೆ ಪ್ರತ್ಯೇಕ ಗೌರವವಿಲ್ಲ. ಆದಕಾರಣ ವಿರಳವಾದುದನ್ನು, ಅಂದರೆ ೨೦೪.೫ನ್ನು, ಮೊದಲು ಕೇಳಿ ಸಾಮಾನ್ಯವಾದುದನ್ನು ಕೊನೆಗೆ ಕೇಳಬೇಕು. ಮೊದಲು ಸಾಮಾನ್ಯ ನಿಯಮ, ಬಳಿಕ ವಿಶೇಷ ಎಂಬ ನಮ್ಮ ಅಭ್ಯಾಸದ ಕ್ರಮವು ಇಲ್ಲಿ ತಲೆಕೆಳಗಾಗುತ್ತದೆಯೆಂದು ತರಗತಿಯಲ್ಲಿ ಒಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕು.

ಪ್ರತಿ ವರ್ಗಕ್ಕೂ ಕೆಳಮೇರೆ ಮೇಲುಮೇರೆಗಳೆರಡನ್ನೂ ಬರೆದರೆ ಕ್ರಮದ ತೊಂದರೆಯೇ ಇಲ್ಲವೆಂದು ಕೆಲವರು ಹೇಳುವುದುಂಟು. ಅದರಲ್ಲಿಯೂ ಒಂದು ಕಂಡಿಯಿದೆ. ಉತ್ತರ ಕನ್ನಡವು ೧೯೫೬ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಆ ಕಾಲದ ಮಳೆಯ ಲೆಕ್ಕ ಅಂಗುಲಗಳಲ್ಲಿದೆ. ೪.೫೫ ಅಂಗುಲವನ್ನು ಮಿಲಿಮೀಟರಿಗೆ ತಿರುಗಿಸಿದರೆ ೧೧೫.೫೭ ಆಗುತ್ತದೆ. ಭಾರಿ ಮಳೆಯು ೧೧೫.೫ಕ್ಕೆ ಮುಗಿದು, ಅತಿ ಭಾರಿಯು ೧೧೫.೬ರಿಂದ ಆರಂಭವಾಗುವುದಾದರೆ ಈ ದಿನಕ್ಕೆ ಯಾವ ವರ್ಗವೂ ಇಲ್ಲ. ಇಲಾಖೆಯ ವರ್ಗಗಳು ಒಂದು ದಶಮಾಂಶ ಸ್ಥಾನದ ಅಳತೆಯನ್ನು ಮನಸ್ಸಿನಲ್ಲಿಟ್ಟು ರಚಿತವಾದುವು. ತಪ್ಪು ಅವುಗಳದಲ್ಲ, ಅವನ್ನು ಯೋಚಿಸದೆ ನಕಲು ಮಾಡಿದವನದು.

ಈವರೆಗೆ ಹೇಳಿದ ತಪ್ಪುಗಳು ಫಲಿತಾಂಶವನ್ನು ಕಣ್ಣಾರೆ ನೋಡಿದರೆ ಸಿಕ್ಕಿಬೀಳತಕ್ಕವು. ಹಾಗೆ ಸಿಕ್ಕಿಬೀಳದ ತಪ್ಪೊಂದಿದೆ. ವಿದ್ಯಾರ್ಥಿಯ ಪುಸ್ತಕದಲ್ಲಿ ಅಲ್ಲಲ್ಲಿ ಅಂಕಿಯಿಲ್ಲದ ದಿನಗಳಿದ್ದುವು. ಆರ್ ಭಾಷೆಯಲ್ಲಿ ಇಂಥ ಲುಪ್ತಾಂಶಕ್ಕೆ ‘ಎನ್‌ಎ’ ಎಂಬ ಗುರುತಿದೆ. ‘ಇಫ್’ ಇದನ್ನು ಕಂಡೊಡನೆ, ಸತ್ಯವೋ ಅಸತ್ಯವೋ ಇರಬೇಕಾದೆಡೆಯಲ್ಲಿ ಏನೂ ಇಲ್ಲವೆಂದು ಹೇಳಿ ನಿಲ್ಲುತ್ತದೆ. ‘ಇಫ್‌ಎಲ್ಸ್’ ನಿಲ್ಲದೆ, ಆ ದಿನದ ಉತ್ತರವೂ ‘ಎನ್‌ಎ’ ಎಂದು ಬರೆದು ಮುಂದಿನ ದಿನಕ್ಕೆ ಹೋಗುತ್ತದೆ. ಎರಡೂ ಪ್ರಾಮಾಣಿಕ ವರ್ತನೆಗಳೇ. ಆದರೆ ಕೆಲಸ ನಿಂತಿತೆಂಬ ಅಸಹನೆಯಿಂದ ವಿದ್ಯಾರ್ಥಿಯು ಒಂದು ಹೊಸ ನಿಬಂಧನೆಯನ್ನು ಸೇರಿಸಿದ: “ಅಂಕಿ ಇಲ್ಲದಿದ್ದರೆ ಸೊನ್ನೆ ಎಂದು ಇಟ್ಟುಕೋ.” ಯಂತ್ರವು ಸಂತೋಷದಿಂದ ಪಾಲಿಸಿತು; ಮುಂದೆ ಎಲ್ಲಿಯೂ ತಕರಾರು ಬರಲಿಲ್ಲ.

ಒಂದು ವಾರದ ಮಳೆ ೪೦, ೬೫, ೧೨೦, ಬಳಿಕ ಎರಡು ದಿನ ಅಂಕಿಯಿಲ್ಲ, ಅನಂತರ ೯೦, ೩೫ ಮಿ.ಮೀ. ಎಂದಿಟ್ಟುಕೊಳ್ಳೋಣ. ತಿಳಿದ ಐದು ದಿನಗಳ ಮೊತ್ತ ೩೫೦, ಸರಾಸರಿ ೭೦. ಸೊನ್ನೆ ತುಂಬಿದರೆ ಸರಾಸರಿ ೫೦ಕ್ಕೆ ಇಳಿಯುತ್ತದೆ. ಭಾರಿ ಮಳೆಯ ವಾರವು ಸರಾಸರಿಯಲ್ಲಿ ಸಾಧಾರಣವಾಗಿಬಿಡುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಆ ವಾರದ ನಡುವೆ ಎರಡು ದಿನ ಮಳೆಯೇ ಬರಲಿಲ್ಲವೆಂಬ ಒಂದು ಹೊಸ ಸಂಗತಿ ದಾಖಲೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಅಂಕಿಗಳು ಎಂಥ ದಿನಗಳಲ್ಲಿ ಲುಪ್ತವಾಗುತ್ತವೆಯೆಂಬುದನ್ನು ಯೋಚಿಸಬೇಕು. ೨೦೦ ಚದರ ಸೆಂಟಿಮೀಟರು ಬಾಯಿಯುಳ್ಳ ಮಾಪಕದೊಳಗೆ ೪ ಲೀಟರಿನ ಸೀಸೆಯಿದ್ದರೆ ಅದು ೨೦೦ ಮಿ.ಮೀ. ಮಳೆಗೆ ತುಂಬಿಹೋಗುತ್ತದೆ, ಅದರ ಮೇಲಿನದು ಸೀಸೆಯ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅತ್ಯಧಿಕ ಮಳೆಯೆಂಬ ವರ್ಗವಾದರೋ ೨೦೪.೫ರಿಂದ ಆರಂಭವಾಗುತ್ತದೆ. ಬೆಳಗ್ಗೆ ೮-೩೦ಕ್ಕೆ ಅಂಗಳಕ್ಕೆ ಹೋಗಿ ಅಳೆಯಬೇಕಾದವನು ತೋಟದ ಕಟ್ಟೆ ಒಡೆದ ಬೆಳಗ್ಗೆ ಮಾಪಕದ ಕಡೆ ಹೋಗುವುದಿಲ್ಲ. ೨೦೨೧ರ ಜುಲೈಯಲ್ಲಿ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಸಂಚಾರ ಕಡಿದುಹೋಯಿತು. ಅದೇ ತಾಲ್ಲೂಕಿನ ಕಳಚೆಯಲ್ಲಿ ತೋಟಗಳೂ ಮನೆಗಳೂ ಕುಸಿತಕ್ಕೆ ಸಿಕ್ಕಿದುವು. ಅಂಥ ದಿನಗಳಲ್ಲಿ ಪುಸ್ತಕದ ಅಂಕಣ ಬರಿದಾಗಿದ್ದರೆ ಅದು ಮಳೆಯಿಲ್ಲದ್ದರ ಗುರುತಲ್ಲ, ಮಳೆ ವಿಪರೀತವಾದುದರ ಗುರುತು. ಲುಪ್ತಾಂಶವು ಅಕಸ್ಮಾತ್ತಾಗಿ ಉಂಟಾಗದೆ ಅಳೆಯಬೇಕಾದ ಗುಣವನ್ನೇ ಅವಲಂಬಿಸಿರುವಾಗ ಅದನ್ನು ಕೈಬಿಡುವುದೂ ಅಪಾಯಕರ, ಸೊನ್ನೆಯಾಗಿಸುವುದು ಅದಕ್ಕಿಂತ ಅಪಾಯಕರ.

ಅಡಕೆಯ ತೋಟದವನಿಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮುಖ್ಯ ಮದ್ದು; ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು ೧೯೧೦ರಲ್ಲಿಯೇ ಈ ರೋಗದ ಮೇಲೆ ಸಂಶೋಧನೆಯನ್ನು ಪ್ರಕಟಿಸಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೆರೆಸಬೇಕು, ಹತ್ತದಿದ್ದರೆ ಹೊಡೆಯಬಹುದು. ಇಷ್ಟು ಸ್ವಚ್ಛವಾದ ‘ಇಫ್’ ವಾಕ್ಯವು ಅಲ್ಲಿಯ ಮನೆಯಂಗಳಗಳಲ್ಲಿ ಮೊದಲಿನಿಂದಲೂ ಇದೆ. ಪಠ್ಯಪುಸ್ತಕದ ‘ಅಂಕ ೩೫ಕ್ಕಿಂತ ಹೆಚ್ಚಾದರೆ ಉತ್ತೀರ್ಣ’ ಎಂಬ ಸವಕಲು ಉದಾಹರಣೆ ಅದರ ಮುಂದೆ ನಿಲ್ಲದು. ಮೊದಲ ಮದ್ದು ಮಳೆಗಾಲದ ಆರಂಭಕ್ಕೆ, ಎರಡನೆಯದು ೪೦-೪೫ ದಿನಗಳ ಬಳಿಕ, ಮಳೆ ಮುಂದುವರಿದರೆ ಮೂರನೆಯದು. ಮದ್ದು ಹೊಡೆಯಲು ಹೊಳವು ಬೇಕು. ಕಳೆದ ವರ್ಷಗಳಲ್ಲಿ ಜುಲೈಯ ನಡುವೆ ಎಷ್ಟು ದಿನ ಹೊಳವಿತ್ತೆಂದು ಯಾರಾದರೂ ಈ ಪುಸ್ತಕದಿಂದ ಲೆಕ್ಕ ಹಾಕಿದರೆ, ಸೊನ್ನೆ ತುಂಬಿದ ದಾಖಲೆಯು ಗುಡ್ಡ ಕುಸಿದ ದಿನವನ್ನೇ ಹೊಳವೆಂದು ತೋರಿಸುತ್ತದೆ.

ತರ್ಕದ ದೃಷ್ಟಿಯಿಂದ ‘ಎನ್‌ಎ’ಯ ವರ್ತನೆ ಅಭ್ಯಾಸಯೋಗ್ಯವಾದುದು. ಮೇಲೆ ಹೇಳಿದ ವಾರದಲ್ಲಿ ಒಂದು ದಿನವಾದರೂ ಭಾರಿ ಮಳೆ ಬಂದಿತೇ ಎಂದು ಕೇಳಿದರೆ, ಎರಡು ದಿನ ತಿಳಿಯದಿದ್ದರೂ ಯಂತ್ರವು ‘ಸತ್ಯ’ ಎನ್ನುತ್ತದೆ. ಎಲ್ಲ ದಿನವೂ ಭಾರಿಯೇ ಎಂದರೆ ‘ಅಸತ್ಯ’ ಎನ್ನುತ್ತದೆ. ತಿಳಿಯದುದು ಏನೇ ಆಗಿದ್ದರೂ ಉತ್ತರ ಬದಲಾಗದೆಡೆಯಲ್ಲಿ ಅದು ಧೈರ್ಯವಾಗಿ ಉತ್ತರಿಸುತ್ತದೆ. ಇದು ೧೯೩೮ರಲ್ಲಿ ಕ್ಲೀನಿ ಎಂಬ ತರ್ಕಜ್ಞರು ನಿರೂಪಿಸಿದ ತ್ರಿಮೌಲ್ಯ ತರ್ಕದ ನಡೆ. ಜೈನರ ಸ್ಯಾದ್ವಾದವನ್ನು ಇಲ್ಲಿ ನೆನೆಯುವವರಿದ್ದಾರೆ. ಪ್ರಶಾಂತಚಂದ್ರ ಮಹಾಲನೋಬಿಸರು ೧೯೫೪ರಷ್ಟು ಹಿಂದೆಯೇ ಸ್ಯಾದ್ವಾದಕ್ಕೂ ಸಂಖ್ಯಾಶಾಸ್ತ್ರದ ತಳಹದಿಗೂ ಇರುವ ಸಂಬಂಧವನ್ನು ವಿವೇಚಿಸಿದ್ದರು. ಆ ಹೋಲಿಕೆ ಮನೋಹರವಾದುದೇ. ಆದರೂ ‘ಅವಕ್ತವ್ಯ’ವೆಂಬುದು ವಸ್ತುವಿನ ಸ್ವಭಾವವನ್ನು ಹೇಳುವ ಭಂಗಿ, ‘ಎನ್‌ಎ’ ಎಂಬುದು ನಮ್ಮ ಪುಸ್ತಕದ ಕೊರತೆಯನ್ನು ಹೇಳುವ ಗುರುತು. ಇವೆರಡನ್ನೂ ಒಂದೆಂದು ಬೋಧಿಸುವುದು ಉಚಿತವಲ್ಲ.

ಈ ತರ್ಕಕ್ಕೂ ಒಂದು ಮಿತಿಯಿದೆ. ವಾರದ ಮೊತ್ತವು ೩೦೦ ಮಿ.ಮೀ.ಗೆ ಮೀರಿತೇ ಎಂದು ಕೇಳಿದರೆ ಯಾವ ಕೃಷಿಕನೂ ಹೌದೆನ್ನುವನು: ತಿಳಿದುದೇ ೩೫೦ ಇದೆ, ಬಾಕಿ ಎರಡು ದಿನಗಳ ಮಳೆ ಅದಕ್ಕೆ ಕೂಡಬಹುದೇ ಹೊರತು ಕಳೆಯಲಾರದು. ಯಂತ್ರವು ಮಾತ್ರ ‘ಎನ್‌ಎ’ ಎನ್ನುತ್ತದೆ. ಈ ಮಾತನ್ನು ‘ಇಫ್’ಗೆ ಕೊಟ್ಟರೆ ಕೆಲಸ ನಿಲ್ಲುತ್ತದೆ. ಮಳೆಯು ಋಣಸಂಖ್ಯೆಯಾಗಲಾರದೆಂಬುದು ಅದಕ್ಕೆ ತಿಳಿಯದು. ಈ ಜ್ಞಾನವನ್ನು ನಿಬಂಧನೆಯ ರೂಪದಲ್ಲಿ ಬರೆಯಬೇಕಾದವನು ಮನುಷ್ಯ: ತಿಳಿದ ಭಾಗವೇ ೩೦೦ನ್ನು ಮೀರಿದರೆ ‘ಹೌದು’, ಮೀರದೆ, ಲುಪ್ತದಿನಗಳೂ ಇದ್ದರೆ ‘ಗೊತ್ತಿಲ್ಲ’, ಮೀರದೆ, ಎಲ್ಲ ದಿನವೂ ತಿಳಿದಿದ್ದರೆ ‘ಇಲ್ಲ’. ‘ಎಲ್ಸ್’ ಒಂದೇ ಇದ್ದೆಡೆಯಲ್ಲಿ ಎರಡು ಬೇಕಾಗುವುದನ್ನು ಗಮನಿಸಬೇಕು.

ಸಣ್ಣಪುಟ್ಟ ದೋಷಗಳನ್ನು ಒಟ್ಟಿಗೆ ಹೇಳಿಬಿಡುವೆನು. ‘ಎಲ್ಸ್’ ಪದವನ್ನು ಹೊರಗಣ ಹಂತದಲ್ಲಿ ಹೊಸ ಸಾಲಿನಿಂದ ಆರಂಭಿಸಿದರೆ, ಹಿಂದಿನ ವಾಕ್ಯ ಆಗಲೇ ಮುಗಿಯಿತೆಂದು ಭಾವಿಸಿ ಯಂತ್ರವು ಅದನ್ನು ತಿರಸ್ಕರಿಸುತ್ತದೆ. ಪುಷ್ಪಾವರಣದೊಳಗೆ ಬರೆದರೆ ತೊಂದರೆಯಿಲ್ಲ. ಒಂದು ಮೌಲ್ಯವು -೫ಕ್ಕಿಂತ ಕಡಿಮೆಯೇ ಎಂದು ಕೇಳುವಾಗ, ಕಡಿಮೆಯ ಚಿಹ್ನೆಗೂ ಋಣಚಿಹ್ನೆಗೂ ನಡುವೆ ತೆರಪು ಬಿಡದಿದ್ದರೆ ಅವೆರಡೂ ಕೂಡಿ ಬಾಣವಾಗಿ, ಪ್ರಶ್ನೆಯು ಆಜ್ಞೆಯಾಗಿ, ಆ ಮೌಲ್ಯವೇ ೫ ಆಗಿಬಿಡುತ್ತದೆ. ೫ ಸೊನ್ನೆಯಲ್ಲದ್ದರಿಂದ ಷರತ್ತು ಸತ್ಯವೆಂದೂ ಎಣಿಸಲ್ಪಡುತ್ತದೆ. ‘ಇಫ್‌ಎಲ್ಸ್’ಗೆ ತಾರೀಕುಗಳನ್ನು ಕೊಟ್ಟರೆ ಅದು ಅವುಗಳ ವೇಷವನ್ನು ಕಳಚಿ ೧೯೭೦ರ ಜನವರಿ ೧ರಿಂದ ಎಣಿಸಿದ ದಿನಗಳನ್ನು ಹಿಂದಿರುಗಿಸುತ್ತದೆ: ೨೦೨೧ರ ಜುಲೈ ೨೩ನ್ನು ಕೊಟ್ಟವನಿಗೆ ೧೮೮೩೧ ದೊರೆಯುತ್ತದೆ. ಕೊನೆಯದನ್ನು ಮಾತ್ರ ಭಾಷೆಯ ರಚನಾದೋಷವೆಂದೇ ಕರೆಯಬೇಕು.

ಈ ತೊಡಕುಗಳನ್ನು ನಿವಾರಿಸುವ ಹೊಸ ಉಪಕರಣಗಳು ಬಂದಿವೆಯಲ್ಲ, ಹಳೆಯ ಪದಗಳ ಚರ್ಚೆ ಏಕೆಂದು ಆಕ್ಷೇಪಿಸಬಹುದು. ‘ಡಿಪ್ಲೈಯರ್’ ಎಂಬ ಪೂರಕ ಸಂಗ್ರಹದ ‘ಕೇಸ್ ವೆನ್’ ಪದವು ವರ್ಗಗಳನ್ನು ಒಂದರ ಕೆಳಗೊಂದು ಸ್ಪಷ್ಟವಾಗಿ ಬರೆಯಗೊಡುತ್ತದೆ, ನಿಜ. ಅದರಲ್ಲಿಯೂ ಮೊದಲು ಬಂದ ಷರತ್ತಿಗೇ ಅಧಿಕಾರ. ಕೊನೆಯಲ್ಲಿ ‘ಉಳಿದುದಕ್ಕೆಲ್ಲ’ ಎಂದು ಬರೆದರೆ ಲುಪ್ತಾಂಶಗಳೂ ಆ ಉಳಿದುದರೊಳಗೆ ಸದ್ದಿಲ್ಲದೆ ಸೇರಿಹೋಗುತ್ತವೆ. ‘ಇಫ್‌ಎಲ್ಸ್’ ಯಾವುದನ್ನು ಪ್ರಾಮಾಣಿಕವಾಗಿ ‘ಎನ್‌ಎ’ ಎಂದು ಬಿಡುತ್ತಿತ್ತೋ ಅದು ಇಲ್ಲಿ ‘ಮಳೆಯಿಲ್ಲ’ ಎಂದಾಗಬಹುದು. ಉಪಕರಣದ ಬದಲಾವಣೆಯಿಂದ ಬೋಧನೆಯ ಹೊಣೆ ಕಡಿಮೆಯಾಗುವುದಿಲ್ಲ.

ವಿದ್ಯಾರ್ಥಿಯ ಪುಸ್ತಕವನ್ನು ನಾವಿಬ್ಬರೂ ಮತ್ತೆ ಮೊದಲಿನಿಂದ ನೋಡಿದೆವು. ಬರೆದವರು ಮೂರು ಬಗೆಯ ಗುರುತುಗಳನ್ನು ಬಳಸಿದ್ದರು: ಕೆಲವೆಡೆ ಸೊನ್ನೆ, ಕೆಲವೆಡೆ ಒಂದು ಅಡ್ಡಗೆರೆ, ಕೆಲವೆಡೆ ಬರಿದು. ಗಣಕಕ್ಕೆ ಏರಿಸುವಾಗ ಅವನು ಮೂರನ್ನೂ ಒಂದೇ ಎಂದು ಎಣಿಸಿದ್ದ. ಊರಿಗೆ ಹೋಗಿ ಕೇಳಿ ಬಂದ. ಸೊನ್ನೆಯೆಂದರೆ ನೋಡಿದರು, ಮಳೆ ಇರಲಿಲ್ಲ. ಅಡ್ಡಗೆರೆಯೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ, ಮರುದಿನ ಎರಡು ದಿನದ್ದನ್ನು ಒಟ್ಟಿಗೆ ಅಳೆದರು. ಬರಿದೆಂದರೆ ಮಾಪಕ ತುಂಬಿ ಚೆಲ್ಲಿತ್ತು, ಎಷ್ಟೆಂದು ಬರೆಯುವುದೆಂದು ತಿಳಿಯಲಿಲ್ಲ. ಅವನು ಮೂರಕ್ಕೂ ಬೇರೆ ಬೇರೆ ಸಂಕೇತಗಳನ್ನು ಕೊಟ್ಟು, ನಿಬಂಧನೆಗಳನ್ನು ಹೊಸದಾಗಿ ಬರೆಯಲು ಕುಳಿತ.